ಕತ್ತರಿಸಿದ ಸುದ್ದಿ ಯಾರದು?

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ವಾಟ್ಸಾಪಿನಲ್ಲಿ. ಯಾವುದೋ ಪತ್ರಿಕೆಯ ಒಂದು ಕಾಲಮ್ಮಿನ ಫೋಟೋ. ಮೇಲೆ ಪತ್ರಿಕೆಯ ಹೆಸರಿಲ್ಲ, ತಾರೀಖಿಲ್ಲ, ಕೊನೆಯ ಸಾಲು ಅರ್ಧಕ್ಕೇ ಕತ್ತರಿಸಿ ಹೋಗಿದೆ. ‘ನಿವೃತ್ತ ಗ್ರಂಥಪಾಲಕ ನಿಧನ’ ಎಂಬ ತಲೆಬರಹ, ಕೆಳಗೆ ವಿಭೂತಿ ಹಚ್ಚಿದ ಅದೇ ಹಣೆ, ಅದೇ ದಪ್ಪ ಕನ್ನಡಕ. ಅಳು ಬರುವ ಮೊದಲು ನನಗೆ ಅನುಮಾನ ಬಂತು. ಕಳಿಸಿದ ಹಳೆಯ ವಿದ್ಯಾರ್ಥಿಗೆ ಫೋನ್ ಹಚ್ಚಿ, “ಯಾವ ಪೇಪರಿಂದು ಇದು? ಯಾವತ್ತಿಂದು?” ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಇನ್ಯಾವುದೋ ಗ್ರೂಪಿನಿಂದ ಬಂದದ್ದನ್ನು ಮುಂದೆ ತಳ್ಳಿದ್ದ. ಕೊನೆಗೆ ಚಿತ್ತಾಪುರದ ಅವರ ಮನೆಗೇ ಫೋನ್ ಮಾಡಿದೆ. ಸೊಸೆ ಎತ್ತಿದಳು. “ಹೌದ್ರಿ ಅಕ್ಕಾ, ಮಂಗಳವಾರ ಹೋದ್ರು” ಅಂದಳು. ಆಮೇಲೆಯೇ ನನಗೆ ಅಳು ಬಂತು.

ಸಾವಿನ ಸುದ್ದಿಯನ್ನೂ ಖಾತ್ರಿ ಮಾಡಿಕೊಂಡು ಅಳುವುದನ್ನು ನನಗೆ ಕಲಿಸಿದವರು ಅವರೇ. ಹೆಸರು ಬರೆಯುವುದಿಲ್ಲ. ಬರೆದರೆ, “ನನಗ ಕೇಳಿ ಬರದೀರೇನು?” ಅಂತ ಈಗಲೂ ಎದುರು ಬಂದು ನಿಂತಾರು ಎಂಬ ಹೆದರಿಕೆ.

ನಾನು ಅವರಿದ್ದ ಸೇಡಂನ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ ಅಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ತರಗತಿ ಹೊಸದಾಗಿ ಶುರುವಾಗಿತ್ತು. ಮನೆ ಶಹಾಬಾದ್. ದಿನಾ ಬೆಳಿಗ್ಗೆ ವಾಡಿಗೆ ಬಂದು ಅಲ್ಲಿ ರೈಲು ಬದಲಿಸಬೇಕು. ಮೊದಲ ವಾರದಲ್ಲೇ ಪಾಠಕ್ಕೆ ಒಂದು ಲೇಖನ ಬೇಕಾಯಿತು. ನಮ್ಮೂರಿನ ಹಾಸುಗಲ್ಲಿನ ಖಣಿಗಳು ಒಂದೊಂದಾಗಿ ಮುಚ್ಚುತ್ತಿರುವುದರ ಬಗ್ಗೆ ಒಂದು ಪತ್ರಿಕೆ ಒಳ್ಳೆಯ ಪುಟ ಮಾಡಿತ್ತು. ಲೈಬ್ರರಿಗೆ ಹೋಗಿ, “ಸರ್, ಇದರದು ನಲವತ್ತು ಝೆರಾಕ್ಸ್ ಬೇಕು” ಅಂದೆ.

ಅವರು ತಲೆ ಎತ್ತಲಿಲ್ಲ. ಮೇಜಿನ ಕಾಲಿಗೆ ದಾರದಿಂದ ಕಟ್ಟಿದ ಕತ್ತರಿ ಹಿಡಿದು ಹಿಂದಿನ ದಿನದ ಪತ್ರಿಕೆ ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಮೈದಾ ಕುದಿಸಿದ ಅಂಟಿನ ಬಟ್ಟಲು.

“ಯಾರಿಗಿ?”

“ಹುಡುಗ್ರಿಗಿ, ಸರ್.”

“ಹುಡುಗ್ರು ಯಾರಿಗಿ ಕೊಡ್ತಾರ?”

“ಯಾರಿಗಿ ಕೊಡ್ತಾರ್ರಿ, ತಾವೇ ಓದ್ತಾರ.”

ಆಗ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಓದ್ತಾರ ಅಂತ ನಿಮಗ ಹ್ಯಾಂಗ ಗೊತ್ತು?”

ಅರ್ಧ ತಾಸು ವಾದ ಮಾಡಿದ ಮೇಲೆ ನಲವತ್ತು ಪ್ರತಿ ಸಿಕ್ಕವು. ಆದರೆ ಒಂದೊಂದರ ತಲೆಯ ಮೇಲೂ ಅವರೇ ಕೈಯಿಂದ ಪತ್ರಿಕೆಯ ಹೆಸರು, ತಾರೀಖು, ಬರೆದವರ ಹೆಸರು ಬರೆದರು. ಕೆಳಗೆ ‘ತರಗತಿಯ ಪಾಠಕ್ಕೆ ಮಾತ್ರ’ ಎಂಬ ನೀಲಿ ಮುದ್ರೆ ಒತ್ತಿದರು. ನಲವತ್ತು ಸಲ. ನನ್ನ ತರಗತಿಯ ಗಂಟೆ ಮುಗಿದೇ ಹೋಯಿತು.

ಹುಡುಗರು ಅವರಿಗೆ ‘ಶಕ್ ಸರ್’ ಎಂದು ಹೆಸರಿಟ್ಟಿದ್ದರು. ನಮ್ಮ ಕಡೆ ಅನುಮಾನಕ್ಕೆ ಶಕ್ ಅನ್ನುವುದು ರೂಢಿ. ಹೆಸರು ತಕ್ಕದಾಗೇ ಇತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ನಗೆಚಾಟಿಕೆ ಹೇಳಿದರೆ ಎಲ್ಲರೂ ನಗುವಾಗ ಅವರು, “ಇದು ನಿಮ್ದೋ, ಯಾರರ ಹೇಳಿದ್ದೋ?” ಅಂತ ಕೇಳುತ್ತಿದ್ದರು. ಹೇಳಿದವರ ಮುಖ ಸಣ್ಣದಾಗುತ್ತಿತ್ತು. ಚಹಾ ಬಂದರೆ ಮೊದಲು ಮೂಸುತ್ತಿದ್ದರು. ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ ಕೂಡುತ್ತಿದ್ದರು. ರೈಲು ಬರುತ್ತದೆ ಎಂದು ಧ್ವನಿವರ್ಧಕದಲ್ಲಿ ಹೇಳಿದರೆ ಸಾಲದು, ಸಿಗ್ನಲ್ ಬಿದ್ದದ್ದು ಕಣ್ಣಿಗೆ ಕಂಡ ಮೇಲೇ ಬೆಂಚಿನಿಂದ ಏಳುತ್ತಿದ್ದರು.

ಆದರೆ ಆ ಲೈಬ್ರರಿಯ ಹಿಂದಿನ ಕೋಣೆಯಂಥದನ್ನು ನಾನು ಬೇರೆಲ್ಲೂ ನೋಡಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಐದು ಕಪಾಟು. ಒಂದೊಂದರಲ್ಲೂ ವರ್ಷವಾರು ಫೈಲು. ಕಾಗಿಣಾ ನದಿ ಉಕ್ಕಿದ ವರ್ಷಗಳು, ಮಳಖೇಡದ ಕೋಟೆಯ ಗೋಡೆ ಬಿದ್ದದ್ದು, ಕೋಡ್ಲಾದ ಕಡೆಯ ಸಿಮೆಂಟ್ ಧೂಳಿನ ದೂರು, ಗುಂಡಗುರ್ತಿಯ ಶಾಲೆಗೆ ಮಾಸ್ತರರು ಬಾರದ್ದು, ಎಲ್ಲವೂ ಅಂಟಿಸಿಕೊಂಡು ಕೂತಿದ್ದವು. ಬೆಂಗಳೂರಿನ ಪತ್ರಿಕೆಗಳ ಯಾವುದೋ ಒಳಪುಟದ ಮೂಲೆಯಲ್ಲಿ ಬಂದು ಹೋಗುವ ನಮ್ಮ ಭಾಗ ಅಲ್ಲಿ ಐದು ಕಪಾಟಿನ ತುಂಬ ಇತ್ತು.

ಚಿತ್ತಾಪುರದಲ್ಲಿ ಅವರು ರೈಲು ಹತ್ತುತ್ತಿದ್ದರು. ಎದುರಿನ ಸೀಟು ಸಿಕ್ಕರೆ ಮಾತಾಡುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಒಂದು ದಿನ ನಾನೇ ಕೇಳಿದೆ. “ಸರ್, ಪಾಠಕ್ಕ ಅಂತ ಪ್ರತಿ ಮಾಡ್ಕೊಳ್ಳಿಕ್ಕ ಕಾನೂನೇ ಬಿಟ್ಟದಲ್ರಿ. ನೀವ್ಯಾಕ ಇಷ್ಟು ಕಾಡ್ತೀರಿ?”

“ಬಿಟ್ಟದ. ಯಾರ್ ಇಲ್ಲ ಅಂದಾರ? ಮಾಸ್ತರ ಪಾಠ ಮಾಡಾಗ ಪ್ರತಿ ಮಾಡ್ಕೋಬಹುದು, ಹುಡುಗ್ರೂ ಮಾಡ್ಕೋಬಹುದು. ಆದ್ರ ಪಾಠ ಎಲ್ಲಿಗಿ ಮುಗೀತದ? ತರಗತಿ ಬಾಗಲಿಗೋ, ಊರ ಅಗಸಿ ಬಾಗಲಿಗೋ?”

ಅವರೇ ಮುಂದುವರಿಸಿದರು. “ನೋಡ್ರಿ ಮೇಡಂ. ಕಾಗಿಣಾ ತುಂಬಿ ಹರೀತು ಅನ್ನೋದು ಯಾರಪ್ಪಂದೂ ಅಲ್ಲ. ಅದು ಸುದ್ದಿ. ನೀವೂ ಹೇಳ್ರಿ, ನಾನೂ ಹೇಳ್ತೀನಿ. ಆದ್ರ ನಿನ್ನಿ ಆ ಪೇಪರಿನಾವ ಅದ್ನ ಹ್ಯಾಂಗ ಬರದಾನ, ಆ ಮಾತು ಅವಂದು. ಅದ್ನ ಎತ್ಕೊಂಡು ಹೋಗಾಗ ಒಂದು ಮಾತು ಕೇಳಬೇಕೋ ಬ್ಯಾಡೋ? ಹೋಗ್ಲಿ, ಕೇಳ್ಲಿಕ್ಕೆ ಆಗ್ಲಿಲ್ಲ, ಹೆಸರರ ಹೇಳಬೇಕೋ ಬ್ಯಾಡೋ?”

ಆ ಹಟ ಅವರಿಗೆ ಎಲ್ಲಿಂದ ಬಂತೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರೇ ಒಮ್ಮೆ ಹೇಳಿದ್ದು ಇಷ್ಟು. ಅವರ ತಂದೆ ಹಳ್ಳಿಯಲ್ಲಿ ಅಂಚೆ ಹಂಚುತ್ತಿದ್ದರು. ಓದು ಬಾರದವರಿಗೆ ಪತ್ರ ಓದಿ ಹೇಳುವುದೂ ಅವರದೇ ಕೆಲಸ. ಓದಿಸಲೆಂದೇ ಕೈಗೆ ಕೊಟ್ಟ ಪತ್ರವನ್ನೂ, “ಒಡೀಲೇನವ್ವಾ?” ಎಂದು ಕೇಳದೆ ಅವರು ಒಡೆಯುತ್ತಿರಲಿಲ್ಲವಂತೆ. “ಅವರು ಹೂಂ ಅಂದ ಮ್ಯಾಲೇ ಒಡೀತಿದ್ದ ನಮ್ಮಪ್ಪ” ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು. ಮಳಖೇಡ ರೋಡ್ ಸ್ಟೇಷನ್ ಬಂತು.

ಎರಡನೇ ಸೆಮಿಸ್ಟರಿಗೆ ನಾನು ಉಪಾಯ ಮಾಡಿದೆ. ಕಾಲೇಜು ಒಂದು ಪತ್ರಿಕೆಯ ಇ-ಪೇಪರಿಗೆ ಚಂದಾದಾರ ಆಗಿತ್ತು. ಅದರ ಲಾಗಿನ್ ಅವರ ವಶದಲ್ಲಿತ್ತು. ತರಗತಿಯಲ್ಲಿ ಪರದೆಯ ಮೇಲೆ ತೋರಿಸುತ್ತೇನೆ ಎಂದು ಕೇಳಿ ಪಾಸ್‌ವರ್ಡ್ ತಗೊಂಡೆ. ಎರಡು ದಿನ ಯೋಚಿಸಿ, “ತೋರಿಸ್ರಿ. ಹಂಚಬ್ಯಾಡ್ರಿ” ಎಂದು ಹೇಳಿ ಕೊಟ್ಟರು. ನಾನು ತೋರಿಸಿದೆ, ಮತ್ತು ಹಂಚಿದೆ. ದಿನಾ ಬೆಳಿಗ್ಗೆ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕೂತು ಇಡೀ ಪತ್ರಿಕೆ ಇಳಿಸಿಕೊಂಡು ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆ. ಚಿಂಚೋಳಿಯ ತಾಂಡಾದಿಂದ ಬರುವ ಹುಡುಗಿಯೊಬ್ಬಳು, “ಮೇಡಂ, ನಮ್ಮಲ್ಲಿ ಪೇಪರ್ ಬರೋದೇ ಇಲ್ಲ, ಈಗ ಬಸ್ಸಿನ್ಯಾಗ ಓದ್ತೀನ್ರಿ” ಅಂದಾಗ ನಾನು ಮಾಡಿದ್ದು ಪುಣ್ಯದ ಕೆಲಸವೆಂದೇ ಅನ್ನಿಸಿತು. ಗ್ರೂಪಿನಲ್ಲಿ ನನ್ನ ವಿದ್ಯಾರ್ಥಿಗಳಷ್ಟೇ ಉಳಿದಿಲ್ಲ, ಅವರ ಗೆಳೆಯರು, ಗೆಳೆಯರ ಗೆಳೆಯರು ಸೇರಿದ್ದಾರೆ ಎಂಬುದನ್ನು ನೋಡಿಯೂ ನೋಡದಂತಿದ್ದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ರೈಲಿನಲ್ಲಿ ಅವರ ಕೈಚೀಲದ ಬಾಯಿ ತೆರೆದಿತ್ತು. ಒಳಗೆ ರಿಜಿಸ್ಟರ್ಡ್ ಅಂಚೆಯ ಲಕೋಟೆ. ಅವರ ವಾಲಿದ ಅಕ್ಷರ. ವಿಳಾಸ ಅದೇ ಪತ್ರಿಕೆಯದು.

“ಯಾರಿಗಿ ಸರ್, ಪತ್ರ?” ಎಂದೆ, ಸಹಜವಾಗಿ ಕೇಳಿದಂತೆ.

ಅವರು ಚೀಲ ಮುಚ್ಚಿದರು. “ನಿಮಗ ಸಂಬಂಧ ಇಲ್ಲ.”

ಹದಿನೈದು ದಿನವೂ ಆಗಿರಲಿಲ್ಲ, ಪ್ರಿನ್ಸಿಪಾಲರಿಗೆ ಪತ್ರಿಕೆಯ ವಕೀಲರಿಂದ ನೋಟಿಸು ಬಂತು. ಚಂದಾದಾರರ ಇ-ಪೇಪರನ್ನು ಅನುಮತಿಯಿಲ್ಲದೆ ಪೂರ್ತಿಯಾಗಿ ಹಂಚಲಾಗುತ್ತಿದೆ, ಕೂಡಲೇ ನಿಲ್ಲಿಸಿ ಉತ್ತರ ಕೊಡಿ ಎಂದು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಮೇಜಿನ ಮೇಲೆ ನೋಟಿಸಿನ ಮೊದಲ ಹಾಳೆ ಕಾಣುವಂತಿತ್ತು. ಅತಿಥಿ ಉಪನ್ಯಾಸಕರ ಮುಂದಿನ ವರ್ಷದ ಪಟ್ಟಿ ತಯಾರಾಗುತ್ತಿದ್ದ ತಿಂಗಳು ಅದು.

ಪ್ರಿನ್ಸಿಪಾಲರು ನೀವು ಹಂಚಿದಿರಾ ಎಂದು ಕೇಳಲಿಲ್ಲ. “ಯಾರು ಕಂಪ್ಲೇಂಟ್ ಕೊಟ್ಟಿರಬೇಕು, ಮೇಡಂ?” ಎಂದು ಕೇಳಿದರು.

ನಾನು ಬಚಾವಾದೆ ಅನ್ನಿಸಿತು. ಅದರ ಬೆನ್ನಿಗೇ ಆ ಲಕೋಟೆ ನೆನಪಾಯಿತು. “ಲೈಬ್ರರಿ ಸರ್ ಆ ಪೇಪರಿಗಿ ರಿಜಿಸ್ಟರ್ ಪತ್ರ ಹಾಕಿದ್ದು ನಾ ನೋಡೀನ್ರಿ” ಅಂದೆ.

ಅಷ್ಟೇ ಸಾಕಾಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅವರ ಮೇಲೆ ಒಂದೊಂದು ಹಳೆಯ ಸಿಟ್ಟಿತ್ತು. ಒಬ್ಬರು ಅವರು ಪತ್ರಿಕೆಯ ಏಜೆಂಟರ ಸಂಬಂಧಿ ಅಂದರು. ಇನ್ನೊಬ್ಬರು ಅವರು ಒಂದು ಡೈರಿಯಲ್ಲಿ ನಮ್ಮೆಲ್ಲರ ಜಾತಕ ಬರೆದಿಟ್ಟುಕೊಂಡಿದ್ದಾರೆ ಅಂದರು. ವಾರದೊಳಗೆ ಅವರನ್ನು ಅದೇ ಸಂಸ್ಥೆಯ ಚಿಂಚೋಳಿ ಕಾಲೇಜಿಗೆ ಹಾಕಿದರು. ನಿವೃತ್ತಿಗೆ ಮೂರು ತಿಂಗಳಿತ್ತು. ಚಿತ್ತಾಪುರದಿಂದ ಸೇಡಂವರೆಗೆ ರೈಲು, ಅಲ್ಲಿಂದ ಬಸ್ಸು.

ಹೋಗುವ ದಿನ ನನ್ನ ಹತ್ತಿರ ಬಂದರು. ಯಾರು ಹೇಳಿದ್ದರೋ, ಗೊತ್ತಾಗಿತ್ತು.

“ಲಕೋಟಿ ನೋಡೀರಿ, ಖರೆ. ಒಳಗಿಂದು ನೋಡೀರೇನು?”

“ಇಲ್ರಿ.”

“ನೋಟಿಸ್ ಪೂರಾ ಓದೀರೇನು?”

“ಇಲ್ರಿ, ಸರ್.”

“ಹಾಂ” ಎಂದು ಹೇಳಿ ಕತ್ತರಿಯ ದಾರ ಬಿಚ್ಚಿ ಮೇಜಿನ ಖಾನೆಯಲ್ಲಿಟ್ಟು ಹೊರಟರು. ನನಗೆ ಅವರ ಮೇಲೆ ಅನುಮಾನ ಇನ್ನೂ ಹೆಚ್ಚಾಯಿತು. ತಪ್ಪಿಲ್ಲದವರು ಬಾಯಿಬಿಟ್ಟು ಹೇಳುವುದಿಲ್ಲವೇ?

ಲೈಬ್ರರಿಯ ಕೀಲಿ ಕೈ ತಾತ್ಕಾಲಿಕವಾಗಿ ನನ್ನ ಪಾಲಿಗೆ ಬಂತು. ತಿಂಗಳೊಳಗೆ ಒಂದು ದಿನ ಪ್ಯೂನ್ ಕಾಕಾ ಅಂಚೆ ತಂದಿಟ್ಟ. ‘ಗ್ರಂಥಪಾಲಕರಿಗೆ’ ಎಂದು ವಿಳಾಸ. ಪತ್ರಿಕೆಯ ಕಚೇರಿಯಿಂದ ಬಂದದ್ದು. ಒಡೆದೆ.

ನಿಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿದೆ ಎಂದು ಶುರುವಾಗಿತ್ತು. ಪಟ್ಟಿಯಲ್ಲಿರುವ ಲೇಖನಗಳನ್ನು ಪತ್ರಿಕೆಯ ಹೆಸರು, ದಿನಾಂಕ, ಲೇಖಕರ ಹೆಸರಿನೊಂದಿಗೆ ಆ ತರಗತಿಯ ವಿದ್ಯಾರ್ಥಿಗಳಿಗೆ ಪ್ರತಿ ಮಾಡಿ ಕೊಡಲು ಅಡ್ಡಿಯಿಲ್ಲ, ಇಡೀ ಇ-ಪೇಪರ್ ಹಂಚುವಂತಿಲ್ಲ, ಎಲ್ಲರಿಗೂ ತೆರೆದಿರುವ ಲೇಖನಗಳ ಲಿಂಕ್ ಕಳಿಸಬಹುದು. ಜೊತೆಗೆ ಸರ್ ಬರೆದಿದ್ದ ಪತ್ರದ ನಕಲನ್ನೂ ಲಗತ್ತಿಸಿದ್ದರು. ವಾಲಿದ ಅಕ್ಷರದ ಎರಡು ಹಾಳೆ. ಪಟ್ಟಿಯಲ್ಲಿದ್ದ ಒಂದೊಂದು ಲೇಖನವೂ ನಾನು ಆ ವರ್ಷ ಕೇಳಿದ್ದು. ಮೊದಲನೆಯದೇ ಹಾಸುಗಲ್ಲಿನ ಖಣಿಗಳದು. ಕೊನೆಯ ಸಾಲು ಹೀಗಿತ್ತು: ‘ನಮ್ಮಲ್ಲಿ ಕೆಲವರು ಉತ್ತರ ಬರುವ ಮೊದಲೇ ಹಂಚುವ ಸ್ವಭಾವದವರಿರುವುದರಿಂದ ದಯವಿಟ್ಟು ಬೇಗ ತಿಳಿಸಬೇಕು.’

ಆಫೀಸಿಗೆ ಹೋಗಿ ಟೈಪಿಸ್ಟ್ ಮೇಡಂ ಹತ್ತಿರ ನೋಟಿಸಿನ ಫೈಲು ಕೇಳಿ ತಗೊಂಡೆ. ಎರಡನೇ ಹಾಳೆಯಲ್ಲಿ ಎಲ್ಲವೂ ಇತ್ತು. ಯಾರೂ ದೂರು ಕೊಟ್ಟಿರಲಿಲ್ಲ. ಯಾವುದೋ ಟೆಲಿಗ್ರಾಂ ಚಾನೆಲ್ಲಿನಲ್ಲಿ ಹರಿದಾಡುತ್ತಿದ್ದ ಪಿಡಿಎಫ್ ಪತ್ರಿಕೆಯವರ ಕಣ್ಣಿಗೆ ಬಿದ್ದಿತ್ತು. ಪ್ರತಿ ಪುಟದ ಅಡಿಯಲ್ಲಿ ಮಸುಕಾಗಿ ನಮ್ಮ ಕಾಲೇಜಿನ ಮಿಂಚಂಚೆ ವಿಳಾಸ ತಾನಾಗಿ ಅಚ್ಚಾಗಿತ್ತು. ಅದನ್ನು ಇಳಿಸಿದವಳು ನಾನು. ದಿನಾ ನೋಡುತ್ತಿದ್ದ ಪುಟದ ಅಡಿಯನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಅದರ ಹಿಂದೆ ಕಾಲೇಜಿನ ಉತ್ತರದ ಪ್ರತಿ. ಕೆಳಗೆ ಅವರ ಹೇಳಿಕೆ: ‘ಲಾಗಿನ್ ನನ್ನ ವಶದಲ್ಲಿತ್ತು. ಪಾಠಕ್ಕೆಂದು ಒಬ್ಬ ಬೋಧಕರಿಗೆ ನಾನೇ ಕೊಟ್ಟಿದ್ದೇನೆ. ಜವಾಬ್ದಾರಿ ನನ್ನದು.’ ಯಾವ ಬೋಧಕರು ಎಂದು ಬರೆದಿರಲಿಲ್ಲ.

ಮರುದಿನ ರಜೆ ಹಾಕಿ ಚಿಂಚೋಳಿ ಬಸ್ಸು ಹತ್ತಿದೆ. ಅಲ್ಲಿಯ ಲೈಬ್ರರಿ ಅಂದರೆ ಒಂದು ಕೋಣೆ, ಎರಡು ಕಪಾಟು. ಅವರು ಕಿಟಕಿಯ ಹತ್ತಿರ ಕೂತು ಪತ್ರಿಕೆ ಮಡಚುತ್ತಿದ್ದರು. ಪತ್ರಿಕೆಯ ಉತ್ತರ ಕೈಗಿಟ್ಟೆ. ಮೊದಲು ಲಕೋಟೆಯ ಅಂಚು ನೋಡಿದರು. “ಒಡದೀರಿ” ಅಂದರು. ಆಮೇಲೆ ನಿಧಾನವಾಗಿ ಎರಡು ಸಲ ಓದಿದರು.

“ಸರ್, ಅನುಮತಿ ಕೇಳಾಕತ್ತೀನಿ ಅಂತ ಅವತ್ತೇ ಒಂದು ಮಾತು ಹೇಳಿದ್ರ ಇದ್ಯಾವ್ದೂ ಆಗ್ತಿದ್ದಿಲ್ಲಲ್ರಿ!”

“ಹೇಳಿದ್ರ ನೀವು ಅನುಮತಿ ಬಂದೇ ಬಿಟ್ಟದ ಅಂತ ಹಂಚ್ತಿದ್ರಿ.”

“ನಿಮಗ ನನ್ನ ಮ್ಯಾಲ ಶಕ್ ಇತ್ತೇನ್ರಿ?”

“ಭಾಳ ಇತ್ತು.” ಮುಖದಲ್ಲಿ ಒಂದಿಷ್ಟೂ ಸಂಕೋಚವಿಲ್ಲ. “ಶಹಾಬಾದದಾಗ ನಿಮ್ಮ ಮಾವನ ಮಗ ಕೋಚಿಂಗ್ ಕ್ಲಾಸ್ ನಡಸ್ತಾನ. ಅವನ ಸಲುವಾಗೇ ನೀವು ಪೇಪರ್ ಇಳಸ್ತೀರಿ ಅಂತ ತಿಳ್ಕೊಂಡಿದ್ದೆ. ಒಂದಿನ ಹೋಗಿ ಅವನ ಬೋರ್ಡೂ ನೋಡ್ಕೊಂಡು ಬಂದೀನಿ.”

ನನಗೆ ಸಿಟ್ಟು ಬಂತು. ನಾನು ಕ್ಷಮೆ ಕೇಳಲು ಬಂದವಳು. “ಹಂಗಿದ್ರ ಜವಾಬಿನ್ಯಾಗ ನನ್ನ ಹೆಸರು ಯಾಕ ಬರೀಲಿಲ್ರಿ? ಲಾಗಿನ್ ಕೊಟ್ಟಿದ್ದು ನನಗೇ ಅಲ್ಲೇನು?”

“ಕೊಟ್ಟಿದ್ದು ನಾ ಬರದೀನಿ. ನೀವು ಹಂಚಿದ್ದು ನಾ ಕಣ್ಣಿಲೆ ನೋಡಿಲ್ಲ. ಹೆಸರು ಬರದ್ರ ಓದಿದವ್ರು ನೀವೇ ಹಂಚೀರಿ ಅಂತಿದ್ರು.” ಪತ್ರಿಕೆಯನ್ನು ಇನ್ನೊಂದು ಮಡಿಕೆ ಮಡಚಿದರು. “ಶಕ್ ನನ್ನ ಹೊಟ್ಟ್ಯಾಗ ಇರ್ಲಿ, ಮೇಡಂ. ಅದ್ನ ಕಾಗದದ ಮ್ಯಾಲ ಹ್ಯಾಂಗ ಹಾಕ್ಲಿ?”

ನಾನು ಅದನ್ನು ಪ್ರಿನ್ಸಿಪಾಲರ ಮೇಜಿನ ಮೇಲೇ ಹಾಕಿ ಬಂದಿದ್ದೆ. ಕಣ್ಣು ತುಂಬಿ ಬಂದವು. “ತಪ್ಪಾತ್ರಿ ಸರ್, ಮಾಫ್ ಮಾಡ್ರಿ” ಅಂದೆ.

“ನನ್ನ ಮುಂದ ಮಾಫಿ ಕೇಳಿ ಏನು ಬಂತು? ನೀವು ಮಾತಾಡಿದ್ದು ನಾ ಇಲ್ಲದಾಗ. ನಾ ಇಲ್ಲದಾಗೇ ಹೋಗಿ ಸರಿ ಮಾಡ್ರಿ. ಈಗ ಹೋಗ್ರಿ, ಹನ್ನೆರಡರ ಬಸ್ ತಪ್ಪಿದ್ರ ಮತ್ತ ಮೂರಕ್ಕೇ ಅದ.”

ಊಟ ಮಾಡಿದಿರಾ ಎಂದು ಸಹ ಕೇಳಲಿಲ್ಲ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ.

ಮರುದಿನವೇ ಹೇಳಿದೆ ಎಂದು ಬರೆಯಲು ಮನಸ್ಸಾಗುತ್ತದೆ. ಹಾಗೆ ಆಗಲಿಲ್ಲ. ಅತಿಥಿ ಉಪನ್ಯಾಸಕರ ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲ. ಪಟ್ಟಿ ಬರಲಿ, ಆಮೇಲೆ ಹೇಳಿದರಾಯಿತು ಎಂದು ಒಂಬತ್ತು ದಿನ ತಳ್ಳಿದೆ. ಆ ಒಂಬತ್ತು ದಿನವೂ ರೈಲು ಚಿತ್ತಾಪುರದಲ್ಲಿ ನಿಂತಾಗ ಬೇರೆ ಬೋಗಿಗೆ ಹೋಗಿ ಕೂಡುತ್ತಿದ್ದೆ. ಹತ್ತನೇ ದಿನ ನಾನು ಬಾಗಿಲ ಬಳಿ ನಿಂತಿದ್ದೆ, ಅವರು ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ನೋಡಿ, ನನಗೆ ಜಾಗ ಬಿಟ್ಟುಕೊಡುವವರಂತೆ ತಾವೇ ಮುಂದಿನ ಬೋಗಿಗೆ ಹೋದರು. ಅವತ್ತು ಹೇಳಿದೆ.

ಪ್ರಿನ್ಸಿಪಾಲರ ಕೋಣೆಯಲ್ಲಲ್ಲ, ಸ್ಟಾಫ್ ರೂಮಿನಲ್ಲಿ, ಚಹಾದ ಹೊತ್ತಿಗೆ, ಪ್ರಿನ್ಸಿಪಾಲರೂ ಅಲ್ಲೇ ಇದ್ದಾಗ. ಇಡೀ ಪತ್ರಿಕೆ ಇಳಿಸಿ ಹಂಚಿದವಳು ನಾನು, ಅವರು ಬರೆದದ್ದು ಅನುಮತಿ ಕೇಳುವ ಪತ್ರ, ಯಾರೂ ದೂರು ಕೊಟ್ಟಿಲ್ಲ, ನೋಟಿಸಿನ ಎರಡನೇ ಹಾಳೆ ನಾವ್ಯಾರೂ ಓದಿಲ್ಲ ಎಂದು ಹೇಳಿ ಪತ್ರಿಕೆಯ ಉತ್ತರದ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಏಜೆಂಟರ ಸಂಬಂಧಿ ಎಂದಿದ್ದವರು ಬಿಸ್ಕೀಟು ಅದ್ದುತ್ತಿದ್ದರು. ಪ್ರಿನ್ಸಿಪಾಲರು, “ಆಗಿದ್ದು ಆಗಿ ಹೋತು, ಮೇಡಂ. ಇನ್ನೆರಡು ತಿಂಗಳಿಗೆ ಅವರು ರಿಟೈರ್ ಆಗ್ತಾರ. ಈಗ ಮತ್ತ ಎದಕ್ಕ ಕೆದರ್ತೀರಿ?” ಎಂದು ಎದ್ದರು. ಪ್ಯೂನ್ ಕಾಕಾ ಬಾಗಿಲಿಗೆ ಒರಗಿ ನಿಂತು, ಟೈಪಿಸ್ಟ್ ಮೇಡಂ ಮೂಲೆಯ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದರು.

ಅವರನ್ನು ಸೇಡಂಗೆ ವಾಪಸು ಕರೆಸಲಿಲ್ಲ. ಚಿಂಚೋಳಿಯಿಂದಲೇ ನಿವೃತ್ತರಾದರು. ಐದು ಕಪಾಟುಗಳ ಕೋಣೆಗೆ ಬೀಗ ಬಿತ್ತು. ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಹೇಳಿದ್ದಕ್ಕೋ, ಹಂಚಿದ್ದಕ್ಕೋ, ಇಲ್ಲ ಬೇರೆ ಯಾರಿಗೋ ಆ ಜಾಗ ಬೇಕಿತ್ತೋ, ಯಾರೂ ಹೇಳಲಿಲ್ಲ. ನನ್ನ ಅನುಮಾನ ನನ್ನಲ್ಲೇ ಇದೆ.

ಅನುಭವದ ಪ್ರಮಾಣಪತ್ರ ತರಲು ಕೊನೆಯ ಸಲ ಸೇಡಂಗೆ ಹೋಗಿ ಮರಳುವಾಗ ವಾಡಿಯಲ್ಲಿ ಅವರು ಸಿಕ್ಕರು. ಪಿಂಚಣಿಯ ಕಾಗದಕ್ಕೆಂದು ಕಲಬುರಗಿಗೆ ಹೊರಟಿದ್ದರು. ನಾನು ಶಹಾಬಾದಿಗೆ. ಇಬ್ಬರದೂ ಒಂದೇ ಗಾಡಿ. ನೋಡಿದರೂ ನೋಡದಂತೆ ಹೋಗಿಬಿಡಲೇ ಎಂದುಕೊಂಡೆ. ಆಮೇಲೆ ಎದುರು ಹೋಗಿ ನಿಂತೆ.

“ಹೇಳ್ದೆ ಸರ್. ಸ್ಟಾಫ್ ರೂಮಿನ್ಯಾಗ. ಎಲ್ಲಾರ ಮುಂದ.”

“ಗೊತ್ತದ.”

“ಯಾರ್ ಹೇಳಿದ್ರಿ?”

“ಅವತ್ತೇ ಪ್ಯೂನ್ ಫೋನ್ ಮಾಡಿ ಹೇಳ್ದ. ಅವಂಗ ನಿಮ್ಮ ಮ್ಯಾಲ ಅಭಿಮಾನ ಭಾಳ, ಒಂದೀಟು ಸೇರಿಸಿ ಹೇಳ್ತಾನ ಅಂತ ಟೈಪಿಸ್ಟ್ ಮೇಡಂಗೂ ಕೇಳ್ದೆ.” ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. “ಇಬ್ಬರದೂ ಮಾತು ಕೂಡ್ತು.”

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಬೆಂಚಿನ ಮೇಲಿದ್ದ ಕಾಗದಪತ್ರಗಳ ಚೀಲವನ್ನು, ಪಿಂಚಣಿಯ ಮೂಲ ದಾಖಲೆಗಳೆಲ್ಲ ಇದ್ದ ಆ ಚೀಲವನ್ನು, ನನ್ನ ಕಡೆ ಸರಿಸಿದರು.

“ಇದ್ನ ಹಿಡೀರಿ. ನಾ ನೀರು ತುಂಬಿಸ್ಕೊಂಡು ಬರ್ತೀನಿ” ಎಂದು ಬಾಟಲಿ ತಗೊಂಡು ನಡೆದರು. ನಳದವರೆಗೆ ಹೋಗಿ, ತುಂಬಿಸಿಕೊಂಡು, ಮರಳಿ ಬರುವವರೆಗೂ ಒಮ್ಮೆಯೂ ತಿರುಗಿ ನೋಡಲಿಲ್ಲ.